ನಾದಾನ್ವೇಷಕ ಸಿ. ವಿ. ರಾಮನ್

ಸಂತೆಯಲ್ಲಿ ಗಡಿಗೆ ಕೊಳ್ಳುವವರು ಅದನ್ನು ಕಣ್ಣಿನಿಂದ ನೋಡಿದಷ್ಟಕ್ಕೆ ಸಮಾಧಾನಪಡುವುದಿಲ್ಲ. ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದು, ಕಿವಿಗೊಟ್ಟು ಕೇಳುತ್ತಾರೆ. ಗಡಿಗೆ ಚೆನ್ನಾಗಿ ಬೆಂದಿದ್ದರೆ ತುಂಬುದನಿ ಹೊರಡುತ್ತದೆ. ಎಲ್ಲಿಯೋ ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಒಡೆದು ಕೇಳಿಸುತ್ತದೆ. ಗಾರೆಯ ಕೆಲಸದವನು ಹಳೆಯ ಗೋಡೆಯನ್ನು ತಟ್ಟಿ ನೋಡಿ, ಗಾರೆಯ ಪದರ ಎಲ್ಲಿ ಕಲ್ಲನ್ನು ಬಿಟ್ಟುಕೊಂಡಿದೆಯೆಂದು ಹೇಳಬಲ್ಲನು. ಕಣ್ಣಿಗೆ ಮರೆಯಾದುದನ್ನು ನಾದವು ಹೊರಗೆಡಹುತ್ತದೆ ಎಂಬ ತಿಳಿವಳಿಕೆ ನಮ್ಮ ಜನರಿಗೆ ಹೊಸದಲ್ಲ. ಆದರೆ ದನಿಯೇಕೆ ಬದಲಾಗುತ್ತದೆ, ವಸ್ತುವಿನ ಒಡಲಿಗೂ ಅದರ ನಾದಕ್ಕೂ ಇರುವ ನಂಟೇನು ಎಂಬುದನ್ನು ಅಳೆದು, ಗಣಿಸಿ, ನಿಯಮವಾಗಿ ನಿರೂಪಿಸುವುದು ವಿಜ್ಞಾನದ ಕೆಲಸ. ಭಾರತದಲ್ಲಿ ಈ ಕೆಲಸಕ್ಕೆ ಭದ್ರವಾದ ಅಸ್ತಿಭಾರ ಹಾಕಿದವರಲ್ಲಿ ಚಂದ್ರಶೇಖರ ವೆಂಕಟ ರಾಮನ್ ಅಗ್ರಗಣ್ಯರು.

ರಾಮನ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬೆಳಕಿನ ಚದರಿಕೆಯನ್ನು ಕುರಿತ ಅವರ ಶೋಧ ಮತ್ತು ಅದಕ್ಕೆ ಸಂದ ನೊಬೆಲ್ ಪಾರಿತೋಷಕ. ಆದರೆ ಅವರ ಯೌವನದ ದೊಡ್ಡ ಒಲವು ನಾದದ ಕಡೆಗಿತ್ತು. ಎಂಬತ್ತೊಂದರ ಹರೆಯದಲ್ಲಿ ಅವರು ಮಾಡಿದ ಕಡೆಯ ಸಾರ್ವಜನಿಕ ಉಪನ್ಯಾಸದ ವಿಷಯವೂ ಶ್ರವಣವೇ ಆಗಿತ್ತು. ಈ ಎರಡು ತುದಿಗಳ ನಡುವೆ ಹರಿದ ಬಾಳಿನ ಕಥೆ ಇದು.

ರಾಮನ್ ಅವರು 1888ರ ನವೆಂಬರ್ 7ರಂದು ತಮಿಳುನಾಡಿನ ತಿರುಚಿನಾಪಳ್ಳಿಯ ಬಳಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರಾದುದರಿಂದ ಬಾಲಕನ ಓದು ಆ ಕಡಲತೀರದ ಊರಿನಲ್ಲಿ ನಡೆಯಿತು. ಮನೆಯಲ್ಲಿ ಸಂಪತ್ತು ಇರಲಿಲ್ಲ. ಪುಸ್ತಕಗಳಿದ್ದವು, ತಂದೆ ನುಡಿಸುತ್ತಿದ್ದ ಪಿಟೀಲು ಇತ್ತು. ತಂತಿಯ ಮೇಲೆ ಕಮಾನು ಹರಿದಾಡಿದಾಗ ಮರದ ಪೆಟ್ಟಿಗೆಯೇಕೆ ಹಾಡುತ್ತದೆ ಎಂಬ ಕುತೂಹಲ ಆ ಮನೆಯಲ್ಲಿಯೇ ಮೊಳೆತಿರಬೇಕು.

ರಾಮನ್ ತಮ್ಮ ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ. ಪದವಿಯನ್ನೂ, 1907ರಲ್ಲಿ ಎಂ.ಎ. ಪದವಿಯನ್ನೂ ಉನ್ನತ ದರ್ಜೆಯಲ್ಲಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲ ಪ್ರಬಂಧ ಲಂಡನ್ನಿನ ಪ್ರಸಿದ್ಧ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಗ ಅವರಿಗಿನ್ನೂ ಹದಿನೆಂಟು ವರ್ಷ. ಇಂಥ ಪ್ರತಿಭಾವಂತನಿಗೆ ಸಂಶೋಧನೆಯೇ ಸಹಜವಾದ ಹಾದಿ. ಆದರೆ ಅಂದಿನ ಪರತಂತ್ರ ಭಾರತದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವ ಅವಕಾಶ ತೀರ ವಿರಳವಾಗಿತ್ತು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. 1907ರಲ್ಲಿ ಲೋಕಸುಂದರಿ ಅವರನ್ನು ಮದುವೆಯಾಗಿ, ಅದೇ ವರ್ಷ ಕಲ್ಕತ್ತೆಗೆ ತೆರಳಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಯನ್ನು ವಹಿಸಿಕೊಂಡರು.

ಹತ್ತೊಂಬತ್ತು ತುಂಬದ ತರುಣನಿಗೆ ಅದು ದೊಡ್ಡ ಅಧಿಕಾರ, ದೊಡ್ಡ ಸಂಬಳ. ಬೇರೊಬ್ಬರಾಗಿದ್ದರೆ ಲೆಕ್ಕಪತ್ರಗಳ ನಡುವೆ ವಿಜ್ಞಾನದ ನೆನಪು ಮೆಲ್ಲಮೆಲ್ಲನೆ ಮಾಸಿಹೋಗುತ್ತಿತ್ತು. ರಾಮನ್ನರ ಪಾಲಿಗೆ ಹಾಗಾಗಲಿಲ್ಲ. ಕಚೇರಿಗೆ ಹೋಗುವ ದಾರಿಯಲ್ಲಿ, ಬೌಬಜಾರ್ ಬೀದಿಯ ಒಂದು ಕಟ್ಟಡದ ಮೇಲೆ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಹೆಸರು ಅವರ ಕಣ್ಣಿಗೆ ಬಿತ್ತು. ಮಹೇಂದ್ರಲಾಲ್ ಸರ್ಕಾರ್ ಎಂಬ ದೂರದೃಷ್ಟಿಯ ವೈದ್ಯರು 1876ರಲ್ಲಿ ಸ್ಥಾಪಿಸಿದ್ದ ಆ ಸಂಸ್ಥೆಯಲ್ಲಿ ಪ್ರಯೋಗಶಾಲೆಯಿತ್ತು, ಪ್ರಯೋಗ ಮಾಡುವವರಿರಲಿಲ್ಲ. ರಾಮನ್ ಅನುಮತಿ ಬೇಡಿ ಒಳಹೊಕ್ಕರು. ಅಂದಿನಿಂದ ಮುಂಜಾವಿನಲ್ಲಿ ಪ್ರಯೋಗಶಾಲೆ, ಹಗಲಿನಲ್ಲಿ ಕಚೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ, ಇದು ಅವರ ದಿನಚರಿಯಾಯಿತು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿದ್ದ ಅವಧಿಯನ್ನು ಬಿಟ್ಟರೆ, ಹತ್ತು ವರ್ಷಗಳ ಕಾಲ ಈ ತಪಸ್ಸು ನಡೆಯಿತು.

ಸಂಘದಲ್ಲಿ ಬೆಲೆಬಾಳುವ ಉಪಕರಣಗಳಿರಲಿಲ್ಲ. ರಾಮನ್ ಕೈಗೆತ್ತಿಕೊಂಡ ವಿಷಯಕ್ಕೆ ಅವು ಬೇಕಾಗಿಯೂ ಇರಲಿಲ್ಲ. ತಂತಿ, ಕಮಾನು, ಚರ್ಮ, ಮರ ಇಷ್ಟಿದ್ದರೆ ನಾದದ ಪರಿಶೀಲನೆ ಸಾಧ್ಯವಿತ್ತು. ಪಿಟೀಲಿನ ತಂತಿ ಕಮಾನಿನಡಿಯಲ್ಲಿ ಹೇಗೆ ಕಂಪಿಸುತ್ತದೆ ಎಂಬುದನ್ನು ಅವರು ವರ್ಷಗಟ್ಟಲೆ ಅಭ್ಯಸಿಸಿ, 1918ರಲ್ಲಿ ಒಂದು ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಮನುಷ್ಯನ ಕೈಯ ಏರುಪೇರು ಪ್ರಯೋಗವನ್ನು ಕೆಡಿಸದಿರಲೆಂದು ಪಿಟೀಲನ್ನು ತಾನಾಗಿಯೇ ನುಡಿಸುವ ಯಂತ್ರವೊಂದನ್ನು ರಚಿಸಿಕೊಂಡರು. ಪಿಟೀಲಿನಲ್ಲಿಯೂ ಅದರ ಜಾತಿಯ ದೊಡ್ಡ ವಾದ್ಯಗಳಲ್ಲಿಯೂ ಯಾವುದೋ ಒಂದು ಸ್ವರದಲ್ಲಿ ದನಿ ನಡುಗಿ ಒರಟಾಗುವುದುಂಟು. ತಂತಿಯ ಕಂಪನವೂ ವಾದ್ಯದ ಮರದ ಒಡಲಿನ ಸಹಜ ಕಂಪನವೂ ಒಂದೇ ಆದಾಗ ಈ ತೊಡಕು ಹುಟ್ಟುತ್ತದೆಂದು 1916ರಲ್ಲಿ ಅವರು ವಿವರಿಸಿದರು. ತಂತಿಯಷ್ಟೇ ಅಲ್ಲ, ವಾದ್ಯದ ಇಡೀ ಒಡಲೇ ಉತ್ತರ ಕೊಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ನಮ್ಮ ದೇಶದ ಮೃದಂಗ ಮತ್ತು ತಬಲಗಳು ಅವರಿಗೆ ಇನ್ನೂ ದೊಡ್ಡ ಪಾಠ ಕಲಿಸಿದವು. ಬರಿಯ ಚರ್ಮವನ್ನು ಬಿಗಿದ ಡೋಲಿನಲ್ಲಿ ಮೂಲಸ್ವರಕ್ಕೂ ಅದರ ಮೇಲಿನ ಉಪಸ್ವರಗಳಿಗೂ ಹೊಂದಿಕೆಯಿರುವುದಿಲ್ಲ. ಆದುದರಿಂದ ಅದರ ದನಿ ಸದ್ದಾಗಿ ಕೇಳುತ್ತದೆಯೇ ಹೊರತು ಸ್ವರವಾಗಿ ಕೇಳುವುದಿಲ್ಲ. ಮೃದಂಗದ ಬಲಮುಖ ಹಾಗಲ್ಲ. ಅದು ಚರ್ಮದ ಮೇಲೆ ಚರ್ಮವನ್ನು ಹೊಂದಿಸಿ ಕಟ್ಟಿದ್ದು. ನಡುವೆ ಕರಿಯ ಕರಣೆಯನ್ನು ತೆಳ್ಳನೆಯ ಪದರ ಪದರವಾಗಿ ಮೆತ್ತಿ, ಒಣಗಿಸಿ, ತಿಕ್ಕಿ ಕೂಡಿಸಿರುತ್ತಾರೆ. ಈ ಪದರಗಳ ಭಾರದಿಂದಾಗಿ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂಬ ಕ್ರಮಕ್ಕೆ ಬಂದು ನಿಲ್ಲುತ್ತವೆಂದು ರಾಮನ್ 1920ರಲ್ಲಿ ತೋರಿಸಿಕೊಟ್ಟರು. ಹೆಸರು ತಿಳಿಯದ ನಮ್ಮ ಪ್ರಾಚೀನ ಕುಶಲಕರ್ಮಿಗಳು ಕಿವಿಯೊಂದನ್ನೇ ನೆಚ್ಚಿ ಸಾಧಿಸಿದ್ದ ಸಂಗತಿಗೆ ಹೀಗೆ ಗಣಿತದ ಮನ್ನಣೆ ದೊರೆಯಿತು.

ಅಷ್ಟರಲ್ಲಿ ರಾಮನ್ನರ ಬಾಳಿನಲ್ಲಿ ಒಂದು ಕವಲುದಾರಿ ಬಂದಿತ್ತು. ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಆಶುತೋಷ ಮುಖರ್ಜಿಯವರು ತಾವು ಕಟ್ಟುತ್ತಿದ್ದ ವಿಜ್ಞಾನ ಕಾಲೇಜಿಗೆ ಯೋಗ್ಯ ಪ್ರಾಧ್ಯಾಪಕರನ್ನು ಹುಡುಕುತ್ತಿದ್ದರು. ಅವರು ರಾಮನ್ನರನ್ನು ಭೌತವಿಜ್ಞಾನದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಕರೆದರು. ಸರಕಾರಿ ಹುದ್ದೆಯಲ್ಲಿ ಮೇಲೇರುವ ಅವಕಾಶಗಳು ಕಣ್ಣೆದುರಿಗಿದ್ದವು. ಪ್ರಾಧ್ಯಾಪಕರ ಸಂಬಳವಾದರೋ ಅವರು ಪಡೆಯುತ್ತಿದ್ದುದರ ಸುಮಾರು ಅರ್ಧದಷ್ಟು. ಸಂಸಾರಸ್ಥನಾದವನು ಇಂಥ ಸಂದರ್ಭದಲ್ಲಿ ಹಿಂದುಮುಂದು ನೋಡುವುದು ಸಹಜ. ರಾಮನ್ 1917ರಲ್ಲಿ ಸರಕಾರದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪ್ರಾಧ್ಯಾಪಕರಾದರು. ಕೈಗೆ ಬಂದ ಸಿರಿಯನ್ನು ಬಿಟ್ಟು, ಕೈಗೆ ಸಿಗುವುದೋ ಇಲ್ಲವೋ ತಿಳಿಯದ ಸತ್ಯದ ಬೆನ್ನು ಹತ್ತಿದ ಈ ನಿರ್ಧಾರವೇ ಮುಂದಿನ ಎಲ್ಲ ಸಾಧನೆಗಳ ತಾಯಿಬೇರು.

1921ರಲ್ಲಿ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕಾಗಿ ಅವರು ಮೊದಲ ಬಾರಿಗೆ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸಂತ ಪಾಲರ ಮಹಾದೇವಾಲಯದ ಗುಮ್ಮಟದೊಳಗೆ ಒಂದು ಪಿಸುಮಾತಿನ ಗ್ಯಾಲರಿ ಇದೆ. ಗೋಡೆಯ ಬಳಿ ಪಿಸುಗುಟ್ಟಿದ ಮಾತು ಗುಮ್ಮಟದ ಎದುರು ತುದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಾಗಿದ ಗೋಡೆಯನ್ನು ಅಪ್ಪಿಕೊಂಡು ತರಂಗಗಳು ಸುತ್ತಿ ಬರುವುದೇ ಇದಕ್ಕೆ ಕಾರಣವೆಂದು ಆಂಗ್ಲ ವಿಜ್ಞಾನಿ ಲಾರ್ಡ್ ರೇಲಿ ವಿವರಿಸಿದ್ದರು. ಯಾತ್ರಿಕರೆಲ್ಲ ಬೆರಗಾಗಿ ಕೇಳಿ ಹೋಗುತ್ತಿದ್ದ ಆ ಜಾಗದಲ್ಲಿ ರಾಮನ್ ಸಹೋದ್ಯೋಗಿ ಸದರ್ಲೆಂಡರೊಡನೆ ಪ್ರಯೋಗಕ್ಕೆ ತೊಡಗಿದರು. ಗೋಡೆಯಿಂದ ಸ್ವಲ್ಪ ಸ್ವಲ್ಪವೇ ದೂರ ಸರಿಯುತ್ತ ನಾದದ ಬಲವನ್ನು ಪರೀಕ್ಷಿಸಿ, ರೇಲಿಯವರ ವಿವರಣೆಗೆ ಪೂರ್ತಿಯಾಗಿ ಒಳಪಡದ ಏರಿಳಿತಗಳನ್ನು ಕಂಡುಹಿಡಿದರು.

ಲಂಡನ್ನಿನ ಈ ಗ್ಯಾಲರಿಗಿಂತ ಏನೂ ಕಡಿಮೆಯಲ್ಲದ ಇನ್ನೊಂದು ಕನ್ನಡ ನಾಡಿನಲ್ಲಿಯೇ ಇದೆ. ಅದು ವಿಜಯಪುರದ ಗೋಳಗುಮ್ಮಟ. 1656ರಲ್ಲಿ ತೀರಿಕೊಂಡ ಸುಲ್ತಾನ ಮಹಮ್ಮದ್ ಆದಿಲ್ ಶಾಹನ ಸಮಾಧಿ ಮಂದಿರವಿದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಶಾಲೆಯ ಮಕ್ಕಳು ಪ್ರವಾಸ ಬಂದಾಗ ಕಡಿದಾದ ಮೆಟ್ಟಿಲುಗಳನ್ನೇರಿ ಇದರ ಗ್ಯಾಲರಿಯನ್ನು ಸೇರುತ್ತಾರೆ. ಕೂಗಿ, ಚಪ್ಪಾಳೆ ತಟ್ಟಿ, ಮರುದನಿಗಳನ್ನು ಎಣಿಸುತ್ತಾರೆ. ಆದರೆ ಇಲ್ಲಿಯ ನಿಜವಾದ ವಿಸ್ಮಯ ಕೂಗಿನಲ್ಲಿಲ್ಲ, ಪಿಸುಮಾತಿನಲ್ಲಿದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗೋಡೆಯನ್ನು ಅನುಸರಿಸಿ ಅರ್ಧಸುತ್ತು ಬಂದರೆ ದೂರ ಸುಮಾರು 60 ಮೀಟರ್. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುವ ನಾದ ಇಷ್ಟು ದೂರವನ್ನು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ಕ್ರಮಿಸುತ್ತದೆ. ಬಯಲಿನಲ್ಲಾದರೆ ನಾದ ಎಲ್ಲ ದಿಕ್ಕಿಗೂ ಹರಡಿ ಬೇಗನೆ ಕ್ಷೀಣಿಸುತ್ತದೆ. ಇಲ್ಲಿ ಅದು ಗೋಡೆಯ ಮಗ್ಗುಲನ್ನು ಬಿಡದೆ ಸಾಗುವುದರಿಂದ ಅದರ ಬಲ ಬಹಳ ದೂರದವರೆಗೆ ಉಳಿಯುತ್ತದೆ. 1922ರಲ್ಲಿ ಪಿಸುಮಾತಿನ ಗ್ಯಾಲರಿಗಳನ್ನು ಕುರಿತು ರಾಮನ್ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ಈ ಗೋಳಗುಮ್ಮಟಕ್ಕೂ ಸ್ಥಾನ ದೊರೆಯಿತು. ಜನರು ಚಮತ್ಕಾರವೆಂದು ಎಣಿಸಿದ್ದು ಹೀಗೆ ವಿಜ್ಞಾನದ ಪುಟವನ್ನು ಸೇರಿತು.

ಇಂಗ್ಲೆಂಡಿನಿಂದ ಮರಳುವ ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆಳೆಯಿತು. ಆ ನೀಲಿ ಬರಿಯ ಆಕಾಶದ ಪ್ರತಿಬಿಂಬವೆಂಬ ಮಾತನ್ನು ಅವರು ಒಪ್ಪಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಸಿದ್ಧಪಡಿಸಿ, ಮುಂದೆ ಏಳು ವರ್ಷ ಶಿಷ್ಯರೊಡನೆ ದ್ರವಗಳಲ್ಲಿ ಬೆಳಕಿನ ಚದರಿಕೆಯನ್ನು ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು, ಕೆ. ಎಸ್. ಕೃಷ್ಣನ್ನರ ನೆರವಿನೊಡನೆ, ಚದರಿದ ಬೆಳಕಿನಲ್ಲಿ ಮೂಲದಲ್ಲಿಲ್ಲದ ಹೊಸ ಬಣ್ಣದ ಕಿರಣಗಳಿರುವುದನ್ನು ನಿಶ್ಚಿತವಾಗಿ ಕಂಡರು. ಅಣುವೂ ಒಂದು ವಾದ್ಯದಂತೆ ತನ್ನದೇ ಆದ ಕಂಪನಗಳನ್ನು ಹೊಂದಿದೆ. ತನ್ನ ಮೇಲೆ ಬಿದ್ದ ಬೆಳಕಿನೊಡನೆ ಅದು ಆ ಕಂಪನದ ಶಕ್ತಿಯನ್ನು ಕೊಡುಕೊಳ್ಳುತ್ತದೆ. ಹೊರಬಂದ ಬೆಳಕಿನಿಂದ ಅಣುವಿನ ಒಳರಚನೆಯನ್ನು ತಿಳಿಯಬಹುದು. ಇದೇ ಜಗತ್ಪ್ರಸಿದ್ಧವಾದ ರಾಮನ್ ಪರಿಣಾಮ. 1930ರಲ್ಲಿ ಇದಕ್ಕಾಗಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ವಿಜ್ಞಾನದಲ್ಲಿ ಆ ಗೌರವವನ್ನು ಪಡೆದ ಏಷ್ಯಾದ ಮೊದಲಿಗರು ಅವರು.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದರು. ಆ ಸ್ಥಾನಕ್ಕೇರಿದ ಪ್ರಥಮ ಭಾರತೀಯರು ಅವರೇ. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ ಅದರ ಪತ್ರಿಕೆಯನ್ನು ಆರಂಭಿಸಿದರು. ಆ ಪತ್ರಿಕೆಯ ಮೊದಲ ಸಂಪುಟಗಳಲ್ಲಿ ಅವರ ಮೂರು ಬಗೆಯ ಅಧ್ಯಯನಗಳು ಬಂದಿವೆ. ಮೇಲುನೋಟಕ್ಕೆ ಅವುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಹತ್ತಿರದಿಂದ ನೋಡಿದರೆ ಮೂರೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು.

ಮೊದಲನೆಯದು ಮೃದಂಗದ ಚರ್ಮದ ಮರುಪರಿಶೀಲನೆ. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ, ಬಾರಿಸಿದಾಗ ಮರಳು ಎಲ್ಲಿ ಗೆರೆಗಟ್ಟಿ ನಿಲ್ಲುತ್ತದೆಂದು ನೋಡಿ, ಕಣ್ಣಿಗೆ ಕಾಣದ ಕಂಪನಗಳಿಗೆ ಅವರು ಚಿತ್ರರೂಪ ಕೊಟ್ಟರು. ಎರಡನೆಯದು ಕಪ್ಪೆಚಿಪ್ಪು ಮತ್ತು ಮುತ್ತಿನ ಚಿಪ್ಪುಗಳ ಬಣ್ಣ. ಮುತ್ತಿನ ಚಿಪ್ಪು ಸುಣ್ಣದಂಶದ ಅತಿ ತೆಳುವಾದ ಹಾಳೆಗಳೂ ಅವನ್ನು ಬೆಸೆಯುವ ಜೈವಿಕ ಪದಾರ್ಥವೂ ಪದರ ಪದರವಾಗಿ ಕೂಡಿದ ವಸ್ತು. ಆ ಪದರಗಳಿಂದ ಮರಳುವ ಬೆಳಕಿನ ತರಂಗಗಳು ಒಂದರೊಡನೊಂದು ಬೆರೆತು ಕಾಮನಬಿಲ್ಲಿನ ಬಣ್ಣಗಳನ್ನು ತೋರುತ್ತವೆ. ಚಿಪ್ಪನ್ನು ಒಡೆಯದೆಯೇ ಅದರ ಪದರಗಳ ಜೋಡಣೆಯನ್ನು ಬೆಳಕಿನಿಂದ ಓದುವ ಬಗೆಯನ್ನು ರಾಮನ್ ತೋರಿಸಿದರು.

ಮೂರನೆಯದು ಶ್ರವಣಾತೀತ ತರಂಗಗಳನ್ನು ಕುರಿತದ್ದು. ಸೆಕೆಂಡಿಗೆ ಸುಮಾರು 20,000 ಕಂಪನಗಳನ್ನು ಮೀರಿದ ನಾದ ಮನುಷ್ಯನ ಕಿವಿಗೆ ಕೇಳಿಸದು. ಸ್ಫಟಿಕಶಿಲೆಯ ತುಣುಕಿಗೆ ತಕ್ಕ ವಿದ್ಯುತ್ತನ್ನು ಹಾಯಿಸಿದರೆ ಅದು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಕಂಪಿಸಿ ಇಂಥ ನಾದವನ್ನು ಹುಟ್ಟಿಸುತ್ತದೆ. ಗಾಜಿನ ತೊಟ್ಟಿಯಲ್ಲಿರುವ ದ್ರವದೊಳಗೆ ಈ ತರಂಗಗಳನ್ನು ಹರಿಸಿ, ಅಡ್ಡಲಾಗಿ ಬೆಳಕನ್ನು ಬಿಟ್ಟರೆ, ಒಂದೇ ಗೆರೆಯಾಗಿ ಹೊಕ್ಕ ಬೆಳಕು ಹಲವು ಗೆರೆಗಳಾಗಿ ಒಡೆದು ಹೊರಬರುತ್ತದೆ. 1932ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಈ ಸಂಗತಿಯನ್ನು ಪ್ರಯೋಗದಿಂದ ಕಂಡಿದ್ದರು. ಆದರೆ ಗೆರೆಗಳು ಅಷ್ಟೊಂದು ಇರುವುದೇಕೆ, ಕೆಲವು ಉಜ್ವಲವಾಗಿ ಕೆಲವು ಮಂಕಾಗಿ ಕಾಣುವುದೇಕೆ ಎಂಬುದು ಬಿಡಿಸಲಾಗದ ಒಗಟಾಗಿತ್ತು. ರಾಮನ್ ತಮ್ಮ ಶಿಷ್ಯ ಎನ್. ಎಸ್. ನಾಗೇಂದ್ರನಾಥರೊಡನೆ 1935 ಮತ್ತು 1936ರಲ್ಲಿ ಬರೆದ ಐದು ಪ್ರಬಂಧಗಳಲ್ಲಿ ಈ ಒಗಟನ್ನು ಬಿಡಿಸಿದರು. ನಾದ ಹಾಯುವಾಗ ದ್ರವದಲ್ಲಿ ದಟ್ಟವಾದ ಮತ್ತು ವಿರಳವಾದ ಪಟ್ಟಿಗಳು ಸರದಿಯಾಗಿ ಏರ್ಪಡುತ್ತವೆ. ದಟ್ಟವಾದಲ್ಲಿ ಬೆಳಕು ತುಸು ಹಿಂದೆ ಬೀಳುತ್ತದೆ. ವಿರಳವಾದಲ್ಲಿ ತುಸು ಮುಂದೆ ಸಾಗುತ್ತದೆ. ಹೀಗಾಗಿ ಸಮತಲವಾಗಿ ಹೊಕ್ಕ ಬೆಳಕಿನ ತರಂಗ ನೆರಿಗೆಗಟ್ಟಿ ಹೊರಬರುತ್ತದೆ. ಈ ಸರಳವಾದ ಕಲ್ಪನೆಯಿಂದ ಎಲ್ಲ ಗೆರೆಗಳ ಲೆಕ್ಕವೂ ದೊರೆಯಿತು. ಇದಕ್ಕೆ ರಾಮನ್–ನಾಥ್ ಸಿದ್ಧಾಂತವೆಂದು ಹೆಸರಾಯಿತು. ಗೆರೆಗಳ ನಡುವಣ ಅಂತರವನ್ನು ಅಳೆದರೆ ನಾದದ ತರಂಗದೂರವೂ, ಅದರಿಂದ ಆ ವಸ್ತುವಿನಲ್ಲಿ ನಾದದ ವೇಗವೂ ತಿಳಿಯುತ್ತವೆ. ವೇಗವು ವಸ್ತುವಿನ ಗಟ್ಟಿತನವನ್ನು ಅವಲಂಬಿಸಿರುವುದರಿಂದ, ಕೇಳದ ನಾದದಿಂದ ಕಾಣದ ಒಳಗುಣವನ್ನು ಅಳೆಯುವ ದಾರಿ ತೆರೆಯಿತು. ರಾಮನ್ನರ ಶಿಷ್ಯರಾದ ಎಸ್. ಭಗವಂತಂ ಅವರು ಶ್ರವಣಾತೀತ ತರಂಗಗಳಿಂದ ಹರಳುಗಳ ಸ್ಥಿತಿಸ್ಥಾಪಕತ್ವವನ್ನು ಅಳೆಯುವ ಕೆಲಸವನ್ನು ಮುಂದುವರಿಸಿದರು.

ಈ ಜ್ಞಾನದಿಂದ ಜನಜೀವನಕ್ಕೆ ಏನು ಉಪಯೋಗವೆಂದು ಯಾರಾದರೂ ಕೇಳಬಹುದು. ಇಂದಿನ ವಿಮಾನಗಳ ರೆಕ್ಕೆಯನ್ನು ನೋಡಿದರೆ ಅದಕ್ಕೆ ಉತ್ತರ ಸಿಗುತ್ತದೆ. ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವಂತೆ, ವಿಮಾನದ ಶಿಲ್ಪಿಗಳು ಇಂಗಾಲದ ಎಳೆಗಳನ್ನು ರಾಳದಲ್ಲಿ ತೋಯಿಸಿದ ತೆಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಶಾಖ ಮತ್ತು ಒತ್ತಡಗಳಲ್ಲಿ ಬೇಯಿಸಿ, ಒಂದೇ ಫಲಕವಾಗಿ ಬೆಸೆಯುತ್ತಾರೆ. ಇದಕ್ಕೆ ಸಂಯೋಜಿತ ವಸ್ತುವೆಂದು ಹೆಸರು. ಇದು ಲೋಹಕ್ಕಿಂತ ಹಗುರ. ಬಲದಲ್ಲಿ ಲೋಹಕ್ಕೆ ಹೆಗಲೆಣೆ. ಆದರೆ ಇದಕ್ಕೊಂದು ದೋಷವಿದೆ. ಕೆಲಸಗಾರನ ಕೈಯಿಂದ ಉಪಕರಣವೊಂದು ಜಾರಿ ಬಿದ್ದರೂ, ಓಡುದಾರಿಯ ಕಲ್ಲೊಂದು ಸಿಡಿದು ಬಡಿದರೂ, ಲೋಹವಾದರೆ ತಗ್ಗು ಬಿದ್ದು ತನ್ನ ಗಾಯವನ್ನು ತೋರಿಸುತ್ತದೆ. ಪದರದ ಫಲಕವಾದರೋ ಮೇಲೆ ಮೊದಲಿನಂತೆಯೇ ನುಣುಪಾಗಿ ಕಾಣುತ್ತ, ಒಳಗೆ ಹಾಳೆಯಿಂದ ಹಾಳೆ ಬಿಟ್ಟುಕೊಂಡಿರಬಹುದು. ಅಂಥ ರೆಕ್ಕೆ ಭಾರ ಹೊತ್ತಾಗ ಬಿರಿದ ಪದರಗಳು ಬಾಗಿ, ಬಿರುಕು ಹಬ್ಬಿ, ಅನಾಹುತವಾಗುವ ಸಂಭವವುಂಟು. ಕಣ್ಣಿಗೆ ಬೀಳದ ಕೂದಲೆಳೆಯಷ್ಟು ಬಿರುಕಿನ ಮೇಲೆ ಹಲವರ ಪ್ರಾಣ ನಿಂತಿರುತ್ತದೆ.

ಈ ಒಳಗಾಯವನ್ನು ಫಲಕವನ್ನು ಕೊಯ್ಯದೆಯೇ ಹುಡುಕಬೇಕು. ಅದಕ್ಕೆ ಶ್ರವಣಾತೀತ ತರಂಗಗಳೇ ಸಾಧನ. ಇವುಗಳಿಂದ ಲೋಹದೊಳಗಿನ ದೋಷವನ್ನು ಕಾಣಬಹುದೆಂದು ರಷ್ಯಾದ ಸೊಕೊಲೊವ್ ಎಂಬ ವಿಜ್ಞಾನಿ 1928ರಲ್ಲಿಯೇ ಸೂಚಿಸಿದ್ದರು. ನಾದದ ಒಂದು ಕಿರುಮಿಡಿತವನ್ನು ಕಳುಹಿಸಿ ಅದರ ಮರುದನಿಯನ್ನು ಹಿಡಿಯುವ ಉಪಕರಣಗಳು 1940ರ ದಶಕದಲ್ಲಿ ಬಳಕೆಗೆ ಬಂದವು. ಇದರ ಲೆಕ್ಕ ಸರಳವಾಗಿದೆ. 6 ಮಿಲಿಮೀಟರ್ ದಪ್ಪದ ಫಲಕದಲ್ಲಿ ನಾದ ಸೆಕೆಂಡಿಗೆ ಸುಮಾರು 3,000 ಮೀಟರ್ ವೇಗದಲ್ಲಿ ಸಾಗುತ್ತದೆಂದು ಇಟ್ಟುಕೊಳ್ಳೋಣ. ಹಿಂಬದಿಯನ್ನು ಮುಟ್ಟಿ ಮರಳಲು ಅದು ಒಟ್ಟು 12 ಮಿಲಿಮೀಟರ್ ಸಾಗಬೇಕು. ಅದಕ್ಕೆ ತಗಲುವ ಕಾಲ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 4 ಭಾಗ. ಮರುದನಿ 4ರ ಬದಲು 2 ಭಾಗಗಳಲ್ಲಿಯೇ ಬಂದರೆ, 3 ಮಿಲಿಮೀಟರ್ ಆಳದಲ್ಲಿ ಪದರ ಬಿಟ್ಟಿದೆಯೆಂದು ತಿಳಿಯಬೇಕು. ಬಿಟ್ಟುಕೊಂಡ ಎಡೆಯಲ್ಲಿ ಗಾಳಿ ತುಂಬಿರುತ್ತದೆ. ಗಟ್ಟಿ ವಸ್ತುವಿನಿಂದ ಬಂದ ನಾದ ಗಾಳಿಯನ್ನು ಹೊಗಲಾರದೆ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗುತ್ತದೆ. ಇದೇ ಕಾರಣದಿಂದ ಉಪಕರಣಕ್ಕೂ ಫಲಕಕ್ಕೂ ನಡುವೆ ಗಾಳಿ ಉಳಿಯದಂತೆ ನೀರನ್ನೋ ಅಂಟಾದ ದ್ರವವನ್ನೋ ಸವರುತ್ತಾರೆ. ತರಂಗದೂರ ಚಿಕ್ಕದಾದಷ್ಟೂ ಚಿಕ್ಕ ದೋಷ ಕಾಣುತ್ತದೆ. ಸೆಕೆಂಡಿಗೆ 50 ಲಕ್ಷ ಕಂಪನಗಳ ನಾದಕ್ಕೆ ಇಂಥ ಫಲಕದಲ್ಲಿ ತರಂಗದೂರ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಉಪಕರಣವನ್ನು ಅಂಗುಲ ಅಂಗುಲವಾಗಿ ಸರಿಸುತ್ತ ಹೋದರೆ ಇಡೀ ರೆಕ್ಕೆಯ ಒಳನಕ್ಷೆಯೇ ಸಿದ್ಧವಾಗುತ್ತದೆ.

ವಿಶಾಲವಾದ ಫಲಕಗಳಿಗೆ ಇನ್ನೊಂದು ವಿಧಾನವೂ ಉಂಟು. ತೆಳುಫಲಕದ ಎರಡು ಮೈಗಳ ನಡುವೆ ಸಿಕ್ಕಿಕೊಂಡು ಅದರುದ್ದಕ್ಕೂ ಹರಿಯುವ ತರಂಗಗಳನ್ನು ಹೊರೇಸ್ ಲ್ಯಾಂಬ್ ಎಂಬ ಗಣಿತಜ್ಞರು 1917ರಲ್ಲಿ ವಿವರಿಸಿದ್ದರು. ಗೋಳಗುಮ್ಮಟದ ಪಿಸುಮಾತಿಗೆ ಗೋಡೆಯ ಬಾಗು ಆಸರೆ; ಈ ತರಂಗಗಳಿಗೆ ಫಲಕದ ಎರಡು ಮೈಗಳೇ ಆಸರೆ. ಎರಡೂ ದಾರಿ ತಪ್ಪದೆ ಬಹುದೂರ ಸಾಗುತ್ತವೆ. ನಡುವೆ ದೋಷವಿದ್ದರೆ ಫಲಕದ ತರಂಗಗಳು ಅದರ ಗುರುತನ್ನು ಹೊತ್ತು ಬರುತ್ತವೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ, ಮುಂದೆ ತೇಜಸ್ ಎಂದು ಹೆಸರು ಪಡೆದ ಹಗುರ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಶೇಕಡ ಸಂಯೋಜಿತ ವಸ್ತುವೇ. ಅದರ ಭಾಗಗಳ ನಿರ್ಮಾಣದಲ್ಲಿ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ಪಾತ್ರ ದೊಡ್ಡದು. ಆ ಸಂಸ್ಥೆಯ ವಸ್ತುವಿಜ್ಞಾನ ವಿಭಾಗವನ್ನು ಬೆಳೆಸಿದವರು ರಾಮನ್ನರ ಸೋದರಳಿಯನೂ ಶಿಷ್ಯರೂ ಆದ ಎಸ್. ರಾಮಶೇಷನ್. ರಾಮನ್ ದೋಷಶೋಧಕ ಉಪಕರಣವನ್ನು ನಿರ್ಮಿಸಿದವರಲ್ಲ. ಅದು ಅವರ ಗುರಿಯೂ ಆಗಿರಲಿಲ್ಲ. ಆದರೆ ಶ್ರವಣಾತೀತ ತರಂಗಗಳ ವಿದ್ಯೆ ನಮ್ಮ ನೆಲದಲ್ಲಿ ಬೇರೂರಿದುದರಲ್ಲಿ ಅವರ ಪಾಲು ಹಿರಿದು.

ಇಷ್ಟು ಫಲ ಕೊಟ್ಟ ಬೆಂಗಳೂರಿನ ಆ ವರ್ಷಗಳು ರಾಮನ್ನರಿಗೆ ನೆಮ್ಮದಿಯ ವರ್ಷಗಳಾಗಿರಲಿಲ್ಲ. ವಿಜ್ಞಾನ ಮಂದಿರದಲ್ಲಿ ಭೌತವಿಜ್ಞಾನಕ್ಕೆ ಅವರು ಕೊಟ್ಟ ಪ್ರಾಶಸ್ತ್ಯವೂ, ಮ್ಯಾಕ್ಸ್ ಬಾರ್ನ್ ಅವರಂಥ ವಿದೇಶಿ ವಿದ್ವಾಂಸರನ್ನು ಕರೆತರುವ ಅವರ ಯತ್ನವೂ, ಯಾರ ಮುಲಾಜಿಗೂ ಒಳಗಾಗದ ಅವರ ನೇರ ಸ್ವಭಾವವೂ ವಿರೋಧವನ್ನು ಬೆಳೆಸಿದವು. 1937ರಲ್ಲಿ ಅವರು ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ತಾವೇ ಆಳಿದ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಮುಂದುವರಿಯುವುದು ಸುಲಭವಲ್ಲ. ರಾಮನ್ ಅಧಿಕಾರಕ್ಕಾಗಿ ಹಂಬಲಿಸದೆ ಪ್ರಯೋಗಶಾಲೆಗೆ ಮರಳಿ, 1948ರವರೆಗೆ ಅಲ್ಲಿಯೇ ದುಡಿದರು. ನೂರಾರು ವಜ್ರಗಳನ್ನು ಕೂಡಿಹಾಕಿ ಅವುಗಳ ಒಳರಚನೆಯನ್ನೂ ಕೊರತೆಗಳನ್ನೂ ಬೆಳಕಿನಿಂದ ಪರೀಕ್ಷಿಸಿದರು. ಮುಂದೆ ಹವಾಮಾನ ವಿಜ್ಞಾನಿಯೆಂದು ಹೆಸರಾದ ಅನ್ನಾ ಮಣಿ ಈ ಅಧ್ಯಯನದಲ್ಲಿ ಪಾಲುಗೊಂಡ ಶಿಷ್ಯೆ.

ದೊಡ್ಡವರಲ್ಲಿಯೂ ಕೊರತೆಗಳಿರುತ್ತವೆ. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ವಿಜ್ಞಾನ ಮಂದಿರದಲ್ಲಿ ಪ್ರವೇಶ ಕೋರಿದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ ಮೊದಲು ನಿರಾಕರಿಸಿದ್ದರು. ಆಕೆ ಪಟ್ಟು ಬಿಡದಿದ್ದಾಗ ನಿಬಂಧನೆಗಳೊಡನೆ ಸೇರಿಸಿಕೊಂಡರು. ಆಕೆಯ ಯೋಗ್ಯತೆ ಮನಗಂಡ ಮೇಲೆ ಇತರ ವಿದ್ಯಾರ್ಥಿನಿಯರಿಗೂ ಬಾಗಿಲು ತೆರೆಯಿತು. ಹರಳುಗಳ ಕಂಪನವನ್ನು ಕುರಿತು ಬಾರ್ನ್ ಅವರೊಡನೆ ನಡೆದ ದೀರ್ಘವಾದ ವಾದದಲ್ಲಿ ರಾಮನ್ನರ ಪಕ್ಷ ನಿಲ್ಲಲಿಲ್ಲ. ಲೋಕ ಬಾರ್ನ್ ಅವರ ಸಿದ್ಧಾಂತವನ್ನೇ ಒಪ್ಪಿತು. ಈ ಸಂಗತಿಗಳು ಅವರ ಹಿರಿಮೆಯನ್ನು ಕುಗ್ಗಿಸುವುದಿಲ್ಲ. ಸತ್ಯವು ವ್ಯಕ್ತಿಗಿಂತ ದೊಡ್ಡದೆಂಬುದನ್ನು ಅವು ನೆನಪಿಗೆ ತರುತ್ತವೆ.

ಮೈಸೂರಿನ ಮಹಾರಾಜರು ಅಕಾಡೆಮಿಗೆ ದಾನವಾಗಿತ್ತ ಭೂಮಿಯಲ್ಲಿ ರಾಮನ್ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಸರಕಾರದ ಹಣ ಪಡೆದರೆ ಸ್ವಾತಂತ್ರ್ಯಕ್ಕೆ ಕುಂದು ಬರುವುದೆಂದು ಭಾವಿಸಿ, ದಾನಿಗಳ ನೆರವಿನಿಂದಲೂ ತಮ್ಮ ಗಳಿಕೆಯಿಂದಲೂ ಅದನ್ನು ನಡೆಸಿದರು. ಆವರಣದ ತುಂಬ ಮರಗಳನ್ನೂ ಗುಲಾಬಿಗಳನ್ನೂ ಬೆಳೆಸಿದರು. ಚಿಪ್ಪು, ಹರಳು, ಖನಿಜಗಳ ಸಂಗ್ರಹಾಲಯವನ್ನು ಅಲ್ಲಿ ಏರ್ಪಡಿಸಿದರು. 1954ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. ಇಷ್ಟಾದರೂ ಅವರಿಗೆ ಹೆಚ್ಚು ಪ್ರಿಯವಾದುದು ಶಾಲೆಯ ಮಕ್ಕಳ ಸಹವಾಸ. ಪ್ರಶ್ನೆ ಕೇಳುವ ಮಗುವಿಗೆ ಗಂಟೆಗಟ್ಟಲೆ ಕಾಲವನ್ನು ಕೊಡಲು ಅವರು ಹಿಂಜರಿಯುತ್ತಿರಲಿಲ್ಲ.

ಪ್ರತಿವರ್ಷ ಗಾಂಧಿ ಜಯಂತಿಯಂದು ಅವರು ಸಂಸ್ಥೆಯಲ್ಲಿ ಒಂದು ಉಪನ್ಯಾಸ ಕೊಡುವ ಪದ್ಧತಿಯಿತ್ತು. 1970ರ ಅಕ್ಟೋಬರ್ 2ರ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ ಮನುಷ್ಯನ ಕಿವಿ. ನಾದವನ್ನು ಗ್ರಹಿಸುವ ಒಳಗಿವಿಯ ರಚನೆಯನ್ನು ಕುರಿತು ಅವರು ಆ ದಿನ ಮಾತನಾಡಿದರು. ಅದೇ ತಿಂಗಳ ಕೊನೆಯಲ್ಲಿ ಅಸ್ವಸ್ಥರಾದರು. ಆಸ್ಪತ್ರೆಯಲ್ಲಿ ಉಳಿಯಲು ಮನಸ್ಸಿಲ್ಲದೆ, ತಾವು ನೆಟ್ಟು ಬೆಳೆಸಿದ ತೋಟದ ನಡುವೆಯೇ ಕೊನೆಯ ದಿನಗಳನ್ನು ಕಳೆಯಬಯಸಿ ಸಂಸ್ಥೆಗೆ ಮರಳಿದರು. ಆಗಲೂ ಅವರ ಚಿಂತೆ ಅಕಾಡೆಮಿಯ ಪತ್ರಿಕೆಗಳು ನಿಂತುಹೋಗಬಾರದೆಂಬುದೇ ಆಗಿತ್ತು. 1970ರ ನವೆಂಬರ್ 21ರ ಮುಂಜಾನೆ ಅವರು ಕಣ್ಮುಚ್ಚಿದರು. ಅವರ ಇಚ್ಛೆಯಂತೆ ಆಡಂಬರವಿಲ್ಲದೆ ಸಂಸ್ಥೆಯ ಆವರಣದಲ್ಲಿಯೇ ದಹನಕ್ರಿಯೆ ನಡೆಯಿತು. ಆ ಸ್ಥಳದಲ್ಲಿ ಸ್ಮಾರಕದ ಕಲ್ಲಿಲ್ಲ. ಒಂದು ಮರವನ್ನು ನೆಡಲಾಯಿತು.

1987ರಿಂದ ಪ್ರತಿವರ್ಷ ಫೆಬ್ರವರಿ 28ನ್ನು ನಮ್ಮ ದೇಶ ವಿಜ್ಞಾನ ದಿನವಾಗಿ ಆಚರಿಸುತ್ತಿದೆ. ಆ ದಿನ ರಾಮನ್ನರ ಭಾವಚಿತ್ರಕ್ಕೆ ಹೂವಿನ ಹಾರ ಹಾಕುವುದು ಸುಲಭ. ಅವರು ನಡೆದ ದಾರಿಯಲ್ಲಿ ನಡೆಯಲು ಬೆಲೆಬಾಳುವ ಯಂತ್ರಗಳು ಬೇಕಿಲ್ಲ. ಹೊರಗಿನ ನುಣುಪನ್ನು ಕಂಡು ಮೋಸಹೋಗದ ಎಚ್ಚರ, ವಸ್ತುವಿಗೆ ಪ್ರಶ್ನೆ ಹಾಕುವ ಧೈರ್ಯ, ಬಂದ ಉತ್ತರ ತನಗೆ ಒಗ್ಗದಿದ್ದರೂ ಕಿವಿಗೊಟ್ಟು ಕೇಳುವ ತಾಳ್ಮೆ ಬೇಕು. ಈ ಮೂರೂ ಯಾವ ಹಳ್ಳಿಯ ಯಾವ ಶಾಲೆಯ ಮಕ್ಕಳಿಗೂ ಎಟುಕುವ ಗುಣಗಳೇ ಆಗಿವೆ.